ಕಲ್ಲುಧೂಳು ಮತ್ತು ಕೆಲಸಗಾರನ ಎದೆ

ಚಾಮರಾಜನಗರದ ಕರಿಕಲ್ಲಿಗೆ ದೇಶದಾಚೆಗೂ ಹೆಸರಿದೆ. ನೋಡಿದವರ ಮುಖ ಕಾಣುವಷ್ಟು ಹೊಳಪು ಹಿಡಿಯುವ ಕಲ್ಲು ಅದು. ಗುಂಡ್ಲುಪೇಟೆ ಕಡೆಯ ಬಿಳಿಕಲ್ಲಿಗೆ ಆ ಭಾಗ್ಯವಿಲ್ಲ. ಕ್ರಷರ್‌ಗೆ ಬಿದ್ದು ಜಲ್ಲಿಯಾಗಿ ರಸ್ತೆಗೂ ಮನೆಯ ತಾರಸಿಗೂ ಸೇರಿಹೋಗುತ್ತದೆ. ಆದರೆ ಕೆಲಸಗಾರನ ಶ್ವಾಸಕೋಶಕ್ಕೆ ಹೆಚ್ಚು ಅಪಾಯ ಈ ಹೆಸರಿಲ್ಲದ ಕಲ್ಲಿನಿಂದಲೇ. ಡಾಲರೈಟ್ ಜಾತಿಯ ಕರಿಕಲ್ಲಿನಲ್ಲಿ ಬಿಡಿ ಸಿಲಿಕಾ ಬಹಳ ಕಡಿಮೆ. ಬಿಳಿ ಗ್ರಾನೈಟ್‌ನಲ್ಲಿ ಸಾಮಾನ್ಯವಾಗಿ ಕಾಲುಭಾಗದಷ್ಟು ಬೆಣಚುಕಲ್ಲೇ, ಅಂದರೆ ಸಿಲಿಕಾವೇ, ಇರುತ್ತದೆ. ಅದರ ನುಣ್ಣನೆಯ ಧೂಳು ವರ್ಷಗಟ್ಟಲೆ ಎದೆಗಿಳಿದರೆ ಬರುವ ರೋಗ ಸಿಲಿಕೋಸಿಸ್.

ಈ ಸೀಮೆಯ ಕಲ್ಲುಕೆಲಸ ನಿನ್ನೆ ಮೊನ್ನೆಯದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆಯ ಹುಟ್ಟೂರು ಅರಿಕುಠಾರಕ್ಕೆ 1818ರಲ್ಲಿ ಚಾಮರಾಜನಗರವೆಂದು ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇಗುಲ ಕಟ್ಟಿಸಿದರು. ಅಂದು ಕಲ್ಲು ಕಡಿದದ್ದು ಉಳಿ ಸುತ್ತಿಗೆ. ಅದರ ಪೆಟ್ಟಿಗೂ ಧೂಳು ಏಳುತ್ತಿತ್ತು. ಆ ಧೂಳನ್ನು ಹತ್ತಾರು ಪಟ್ಟು ಹೆಚ್ಚಿಸಿದ್ದು ಗಾಳಿಯ ಒತ್ತಡದಿಂದ ಓಡುವ ಕೊರೆಯಂತ್ರ.

ಆ ಯಂತ್ರ ಮಾಡಿದ ಹಾನಿಯನ್ನು ಮೈಸೂರು ಸಂಸ್ಥಾನದಲ್ಲಿ ಲೆಕ್ಕ ಹಾಕಿದ್ದು ಕೋಲಾರದ ಚಿನ್ನದ ಗಣಿಯಲ್ಲಿ. 1940ರಿಂದ 1946ರವರೆಗೆ 7,653 ಕಾರ್ಮಿಕರನ್ನು ತಪಾಸಣೆ ಮಾಡಿದಾಗ ಶೇ 43.7ರಷ್ಟು ಮಂದಿಯಲ್ಲಿ ಸಿಲಿಕೋಸಿಸ್ ಕಂಡಿತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬ! ಎಕ್ಸ್‌ರೇ ತೆಗೆಯದೇ ಹೋಗಿದ್ದರೆ ಅವರಲ್ಲಿ ಎಷ್ಟೋ ಜನ ಬರೀ ಕೆಮ್ಮಿನವರೆಂದೋ ಕ್ಷಯದವರೆಂದೋ ಮಣ್ಣಾಗುತ್ತಿದ್ದರು.

ಕೋಲಾರದಲ್ಲಿ ಎಣಿಕೆ ಸಾಧ್ಯವಾದದ್ದಕ್ಕೆ ಕಾರಣವಿದೆ. ಅಲ್ಲಿ ಕಂಪನಿ ಒಂದೆಡೆ ಇತ್ತು, ಹಾಜರಿ ಪುಸ್ತಕವಿತ್ತು, ಗಣಿಯದೇ ಆಸ್ಪತ್ರೆಯಿತ್ತು. ಬಯಲ ಕ್ವಾರಿಯ ಬದುಕು ಬೇರೆ. ಜಾಕ್‌ಹ್ಯಾಮರ್ ಹಿಡಿದವನು ಬಂಡೆಯ ಮೇಲೆ ಬಾಗಿ ನಿಂತಿರುತ್ತಾನೆ. ನೀರು ಬಿಡದೆ ಕೊರೆದರೆ ಕುಳಿಯ ಬಾಯಿಂದ ಬಿಳಿ ಹುಡಿ ಚಿಮ್ಮಿ ರೆಪ್ಪೆ, ಮೀಸೆ, ಕಿವಿಯ ಸಂದಿಗೂ ಮೆತ್ತಿಕೊಳ್ಳುತ್ತದೆ. ಮೂಗಿಗೆ ಟವೆಲ್ ಸುತ್ತಿರುತ್ತಾನೆ, ನಿಜ. ಆದರೆ ಮೈಗೆ ಮೆತ್ತಿ ಕಣ್ಣಿಗೆ ಕಾಣುವ ಹುಡಿಗಿಂತ ಘಾತಕವಾದದ್ದು ಕಣ್ಣಿಗೆ ಕಾಣದ, ಐದಾರು ಮೈಕ್ರಾನ್‌ಗೂ ಸಣ್ಣ ಕಣ. ಅದನ್ನು ಟವೆಲ್ ತಡೆಯದು. ಅದು ಶ್ವಾಸಕೋಶದಲ್ಲಿ ಕೂತು ಮಾಡಿದ ಗಾಯದ ಕಲೆ ವಾಸಿಯಾಗದು.

ಕಾನೂನಿಗೆ ಇದು ತಿಳಿಯದ ಸಂಗತಿಯಲ್ಲ. 1952ರ ಗಣಿ ಕಾಯ್ದೆಯಡಿ 1955ರಲ್ಲಿ ಬಂದ ನಿಯಮಗಳು ಕೆಲಸಕ್ಕೆ ಸೇರುವಾಗ ಒಮ್ಮೆ, ಆಮೇಲೆ ಐದು ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ನಡೆಸಬೇಕೆಂದವು. ತೆರೆದ ಕ್ವಾರಿಯೂ ಕಾನೂನಿನ ಲೆಕ್ಕದಲ್ಲಿ ಗಣಿಯೇ. ಭೋಪಾಲ್ ದುರಂತದ ಬಳಿಕ, 1987ರಲ್ಲಿ, ಕಾರ್ಖಾನೆ ಕಾಯ್ದೆಗೆ 41ಸಿ ಕಲಂ ಸೇರಿತು. ಅಪಾಯಕಾರಿ ಪ್ರಕ್ರಿಯೆಗಳಲ್ಲಿ ದುಡಿಯುವವರ ಆರೋಗ್ಯ ದಾಖಲೆ ಇಡುವುದು, 12 ತಿಂಗಳು ಮೀರದಂತೆ ತಪಾಸಣೆ ಮಾಡಿಸುವುದು ಮಾಲೀಕನ ಹೊಣೆಯಾಯಿತು. ತೊಡಕಿರುವುದು ಕೆಲಸದ ರೀತಿಯಲ್ಲಿ. ಈ ವರ್ಷ ಈ ಕ್ವಾರಿ, ಮುಂದಿನ ವರ್ಷ ಇನ್ನೊಂದು ಜಿಲ್ಲೆ ಎಂದು ಅಲೆಯುವ ದಿನಗೂಲಿಯವನ ಜತೆ ಎಕ್ಸ್‌ರೇ ಅಲೆಯುವುದಿಲ್ಲ. ರೋಗವೋ ಹತ್ತಿಪ್ಪತ್ತು ವರ್ಷ ಕಳೆದು ತಲೆಯೆತ್ತುತ್ತದೆ. ಅಷ್ಟರಲ್ಲಿ ಹೊಣೆ ಯಾರದೆಂದು ತೋರಿಸುವ ಕಾಗದ ಎಲ್ಲಿಂದ ತರುವುದು?

2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಬಳಿಯ ಬಿಳಿಕಲ್ಲು ಕ್ವಾರಿ ಕುಸಿದು ಕಾರ್ಮಿಕರು ಸತ್ತಾಗ ಅಧಿಕಾರಿಗಳು ಓಡಿಬಂದರು, ಸುದ್ದಿಯಾಯಿತು. ಧೂಳಿನ ಸಾವಿಗೆ ಅಂಥ ದಿನಾಂಕವೇ ಇರುವುದಿಲ್ಲ.

ಇಂದು ಚಾಮರಾಜನಗರದಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಎಕ್ಸ್‌ರೇಗಾಗಿ ಮೈಸೂರಿನ ದಾರಿ ಹಿಡಿಯಬೇಕಾಗಿಲ್ಲ. ಕ್ವಾರಿಯ ಪರವಾನಗಿ ನವೀಕರಿಸುವಾಗ ರಾಜಧನದ ರಸೀದಿಯ ಜತೆಗೆ ಕೆಲಸಗಾರರ ತಪಾಸಣೆಯ ದಾಖಲೆಯನ್ನೂ ಜಿಲ್ಲಾಡಳಿತ ಕೇಳಲಿ. ಅದರ ಒಂದು ಪ್ರತಿ ಕಡ್ಡಾಯವಾಗಿ ಕೆಲಸಗಾರನ ಕೈಗೇ ಸಿಗಲಿ.