ಗೋದಾಮಿನಲ್ಲಿ ಪಿಕ್ಕರ್ ನಡಿಗೆ

ಗ್ರಾಹಕರ ಆರ್ಡರಿನಂತೆ ರ್ಯಾಕುಗಳಿಂದ ಸರಕು ತೆಗೆದು ಪ್ಯಾಕಿಂಗ್ ಮೇಜಿಗೆ ತಂದುಕೊಡುವ ಕೆಲಸಗಾರರನ್ನು ಪಿಕ್ಕರ್ ಎನ್ನುತ್ತಾರೆ. ಕೈಯಿಂದಲೇ ಪಿಕಿಂಗ್ ನಡೆಯುವ ಗೋದಾಮಿನಲ್ಲಿ ಇವರ ಸಮಯದ ಸುಮಾರು ಅರ್ಧದಷ್ಟು ನಡೆದಾಟಕ್ಕೇ ಹೋಗುತ್ತದೆ ಎಂಬುದು ಈ ಕ್ಷೇತ್ರದ ಸಾಮಾನ್ಯ ಲೆಕ್ಕ. ಈ ದೂರ ತಗ್ಗಿದರೆ ಆರ್ಡರ್ ಬೇಗ ಹೊರಡುತ್ತದೆ, ಕೆಲಸಗಾರರ ಕಾಲಿಗೂ ವಿಶ್ರಾಂತಿ ಸಿಗುತ್ತದೆ.

ಕರ್ನಾಟಕದಲ್ಲಿ

ಎಲ್ಲ ಗೋದಾಮುಗಳಿಗೂ ಈ ನಡಿಗೆ ದೊಡ್ಡ ಸಮಸ್ಯೆಯಲ್ಲ. ಉದಾಹರಣೆಗೆ, ಅರಸೀಕೆರೆ ಕೊಬ್ಬರಿ ವಹಿವಾಟಿಗೆ ಹೆಸರಾದ ಊರು. ಕೊಬ್ಬರಿಯಂಥ ಸರಕು ಮೂಟೆ ಮೂಟೆಯಾಗಿ ಬಂದು, ಲಾರಿ ಲೋಡಾಗಿ ಹೋಗುತ್ತದೆ. ಹುಡುಕಿ ಆರಿಸುವ ಕೆಲಸ ಕಡಿಮೆ. ಸಾವಿರಾರು ಬಗೆಯ ಸಾಮಾನುಗಳಿಂದ ಒಂದೊಂದನ್ನೇ ಆರಿಸಬೇಕಾದಾಗ ನಡಿಗೆ ಬೆಳೆಯುತ್ತದೆ. ಬೆಂಗಳೂರಿನಲ್ಲಿ 2007ರಲ್ಲಿ ಫ್ಲಿಪ್‌ಕಾರ್ಟ್, 2011ರಲ್ಲಿ ಬಿಗ್‌ಬಾಸ್ಕೆಟ್ ಆರಂಭವಾದ ಮೇಲೆ ಇಂಥ ಕೆಲಸ ರಾಜ್ಯದಲ್ಲಿ ವ್ಯಾಪಕವಾಯಿತು. ಹೊಸಕೋಟೆ, ಮಾಲೂರು, ನೆಲಮಂಗಲದ ಸುತ್ತ ದೊಡ್ಡ ಗೋದಾಮುಗಳು ಎದ್ದವು.

ಸರಕಿನ ಜಾಗ

ನಡಿಗೆ ತಗ್ಗಿಸುವ ಮೊದಲ ಉಪಾಯ, ಹೆಚ್ಚು ಖರ್ಚಾಗುವ ಸಾಮಾನನ್ನು ಪ್ಯಾಕಿಂಗ್ ಮೇಜಿನ ಹತ್ತಿರ ಇಡುವುದು. ಸಾಮಾನುಗಳನ್ನು ಬೇಡಿಕೆಯಂತೆ ಎ, ಬಿ, ಸಿ ಎಂದು ವಿಂಗಡಿಸಿ, ಎ ವರ್ಗಕ್ಕೆ ಮುಂದಿನ ರ್ಯಾಕು ಕೊಡುತ್ತಾರೆ. ಬೇಡಿಕೆಯ ಜೊತೆಗೆ ಸರಕು ಆಕ್ರಮಿಸುವ ಜಾಗವನ್ನೂ ಲೆಕ್ಕಕ್ಕೆ ತರುವ ಸೂಚ್ಯಂಕವನ್ನು ಜೇಮ್ಸ್ ಹೆಸ್ಕೆಟ್ 1963ರಲ್ಲಿ ಮಂಡಿಸಿದರು. ಜೊತೆಜೊತೆಗೆ ಮಾರಾಟವಾಗುವ ಸಾಮಾನುಗಳನ್ನು ಅಕ್ಕಪಕ್ಕ ಇಡುವುದೂ ಉಂಟು. ಹಬ್ಬ, ಋತುಗಳಿಗೆ ಬೇಡಿಕೆ ಬದಲಾಗುವುದರಿಂದ ಈ ಜೋಡಣೆಯನ್ನು ಆಗಾಗ ಪರಿಷ್ಕರಿಸಬೇಕು.

ನಡೆಯುವ ದಾರಿ

ರ್ಯಾಕುಗಳ ನಡುವಿನ ಓಣಿಯನ್ನು ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬಿದ್ದು ಮುಂದಿನ ಓಣಿಗೆ ಹೋಗುವುದು ಹಾವಿನ ನಡೆ. ಬೇಕಾದಷ್ಟು ಒಳಹೋಗಿ ಅದೇ ತುದಿಗೆ ಮರಳುವುದು ಇನ್ನೊಂದು ಕ್ರಮ. 20 ಮೀಟರ್ ಉದ್ದದ ನಾಲ್ಕು ಓಣಿಗಳಲ್ಲಿ ತಲಾ ಒಂದು ಸಾಮಾನು 4 ಮೀಟರ್ ಒಳಗಿದೆ ಎನ್ನೋಣ. ಓಣಿಯೊಳಗಿನ ನಡಿಗೆ ಹಾವಿನ ನಡೆಯಲ್ಲಿ 80 ಮೀಟರ್, ಮರಳಿ ಬರುವುದರಲ್ಲಿ 32 ಮೀಟರ್. ಸಾಮಾನು 12 ಮೀಟರ್ ಒಳಗಿದ್ದರೆ ಮರಳುವ ಕ್ರಮಕ್ಕೆ 96 ಮೀಟರ್ ಬೇಕು. ಆಗ ಹಾವಿನ ನಡೆಯೇ ಲಾಭ. ಎರಡು ತುದಿಗಳಲ್ಲಿ ಮಾತ್ರ ಅಡ್ಡದಾರಿಯಿರುವ ಆಯತಾಕಾರದ ಗೋದಾಮಿಗೆ ಅತಿ ಕಿರಿದಾದ ದಾರಿ ಕಂಡುಹಿಡಿಯುವ ವಿಧಾನವನ್ನು ರ್ಯಾಟ್ಲಿಫ್ ಮತ್ತು ರೋಸೆಂಥಾಲ್ 1983ರಲ್ಲಿ ಕೊಟ್ಟರು.

ಗುಂಪು, ವಲಯ, ಯಂತ್ರ

ಹಲವು ಸಣ್ಣ ಆರ್ಡರುಗಳನ್ನು ಒಂದೇ ಸುತ್ತಿನಲ್ಲಿ ಆರಿಸಿದರೆ ಪ್ರತಿ ಆರ್ಡರಿಗೆ ತಗಲುವ ನಡಿಗೆ ಇಳಿಯುತ್ತದೆ. ಆದರೆ ಟ್ರಾಲಿಯಲ್ಲಿ ಆರ್ಡರಿಗೊಂದು ಡಬ್ಬಿ ಇಡಬೇಕು, ಇಲ್ಲವೇ ಆಮೇಲೆ ವಿಂಗಡಿಸಬೇಕು. ಗೋದಾಮನ್ನು ವಲಯಗಳಾಗಿ ಹಂಚಿ ಒಬ್ಬೊಬ್ಬರಿಗೆ ಒಂದೊಂದು ವಲಯ ಒಪ್ಪಿಸುವುದು ಇನ್ನೊಂದು ಪದ್ಧತಿ. ರ್ಯಾಕನ್ನೇ ಕೆಲಸಗಾರರ ಬಳಿಗೆ ಹೊತ್ತು ತರುವ ರೋಬೋಟುಗಳನ್ನು ತಯಾರಿಸಿದ ಕೀವಾ ಸಿಸ್ಟಮ್ಸ್ ಕಂಪನಿಯನ್ನು ಅಮೆಜಾನ್ 2012ರಲ್ಲಿ 77.5 ಕೋಟಿ ಡಾಲರಿಗೆ ಕೊಂಡಿತು.

ಮಿತಿಗಳು

ಬೇಡಿಕೆಯ ಸರಕೆಲ್ಲ ಒಂದೇ ಓಣಿಯಲ್ಲಿದ್ದರೆ ಟ್ರಾಲಿಗಳು ಒಂದಕ್ಕೊಂದು ಅಡ್ಡವಾಗಿ ಕಾಯುವ ಹೊತ್ತು ಹೆಚ್ಚುತ್ತದೆ. ಹತ್ತಿರವಿದ್ದರೂ ತೀರ ಮೇಲಿನ ಅಥವಾ ಕೆಳಗಿನ ಅಟ್ಟದಲ್ಲಿಟ್ಟ ಭಾರದ ಸಾಮಾನು ಸೊಂಟ, ಬೆನ್ನಿಗೆ ಪೆಟ್ಟು. ಅಂಥವು ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿರಬೇಕು. ನಡಿಗೆ ಉಳಿದಷ್ಟೂ ಪಿಕಿಂಗ್ ಗುರಿಯನ್ನು ಏರಿಸುತ್ತ ಹೋದರೆ ದಣಿವು ಕಾಲಿನಿಂದ ಕೈ, ಬೆನ್ನಿಗೆ ಬದಲಾಗುತ್ತದೆ ಅಷ್ಟೇ. ಆದ್ದರಿಂದ ಉಳಿತಾಯದ ಒಂದು ಪಾಲು ವಿರಾಮವಾಗಿ ಕೆಲಸಗಾರರಿಗೆ ಸಿಕ್ಕಾಗಲೇ ಈ ಸುಧಾರಣೆ ಪೂರ್ಣ.