ಗೋಲಿಬಾರಿನಿಂದ ಎನ್‌ಕೌಂಟರಿಗೆ

‘ಗೋಲಿಬಾರ್’ ಮರಾಠಿಯಿಂದ ಬಂದ ಮಾತು. ವಿಜಯಪುರ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಕಚೇರಿ, ಕಾಗದ, ವರ್ತಮಾನಗಳ ಜೊತೆ ಹೀಗೆ ಎಷ್ಟೋ ಮಾತುಗಳು ಇತ್ತ ಇಳಿದು ಬಂದು ಇಲ್ಲಿನವೇ ಆಗಿಬಿಟ್ಟಿವೆ. ಈ ಮಾತು ಸೊಲ್ಲಾಪುರ ರಸ್ತೆಯಲ್ಲೇ ಬಂತೆಂದರೆ ಊರಿನವರು ತಕರಾರು ಮಾಡಲಾರರು. ಈ ರಸ್ತೆಯ ಆಸುಪಾಸಿನಲ್ಲಿ, 87 ವರ್ಷಗಳ ಅಂತರದಲ್ಲಿ, ಪೊಲೀಸರ ಗುಂಡು ಎರಡು ದೊಡ್ಡ ಜಗಳಗಳನ್ನು ಎಬ್ಬಿಸಿತು. ಮೊದಲನೆಯದನ್ನು ಜನ ಗೋಲಿಬಾರ್ ಎಂದರು, ಎರಡನೆಯದನ್ನು ಎನ್‌ಕೌಂಟರ್ ಎಂದರು.

ವಿಜಯಪುರ ನಗರದೊಳಗೆ ಸೊಲ್ಲಾಪುರ ರಸ್ತೆ ಎಂದರೆ ಬಿಎಲ್‌ಡಿಇ ಆಸ್ಪತ್ರೆ, ಔಷಧಿ ಅಂಗಡಿಗಳ ಸಾಲು, ರೋಗಿಯ ಕಡೆಯವರು ಚಹಾ ಕುಡಿಯುತ್ತ ನಿಂತಿರುವ ಜಾಗ. ಊರು ದಾಟಿದರೆ ಹೊರ್ತಿ, ಝಳಕಿ, ಧೂಳಖೇಡ. ಅಲ್ಲಿ ಭೀಮೆಯನ್ನು ದಾಟಿದರೆ ಮಹಾರಾಷ್ಟ್ರ. ಒಟ್ಟು ಸುಮಾರು ನೂರು ಕಿಲೋಮೀಟರಿನ ದಾರಿ. ಹೊಳೆಯ ಆಚೆಗೂ ಕನ್ನಡದ ಮನೆಗಳಿವೆ. ಸೊಲ್ಲಾಪುರವೆಂದರೆ ಸೊನ್ನಲಿಗೆ, ಸಿದ್ಧರಾಮನ ಊರು, ಅಲ್ಲಿ ಇರದೆ ಇನ್ನೇನು!

1930ರ ಮೇ 5ರ ನಸುಕಿನಲ್ಲಿ ಗಾಂಧೀಜಿಯ ಬಂಧನವಾಯಿತು. ಸೊಲ್ಲಾಪುರ ಗಿರಣಿಗಳ ಊರು, ಸುದ್ದಿ ಮುಟ್ಟಿದ್ದೇ ತಡ ಗಿರಣಿಗಳು ನಿಂತವು. ಮೇ 8ರಂದು ರೂಪಾಭವಾನಿ ಗುಡಿಯ ಕಡೆ ಜನ ಸೇರಿ ಸಿಂದಿ ಗಿಡ ಕಡಿಯಹತ್ತಿದರು. ಹೆಂಡದ ವಿರುದ್ಧದ ಸತ್ಯಾಗ್ರಹವದು. ಪೊಲೀಸರು ಕೆಲವರನ್ನು ಹಿಡಿದರು, ಜನ ಅಡ್ಡಗಟ್ಟಿದರು, ಕಲೆಕ್ಟರ್ ನೈಟ್ ಬಂದ, ಗೋಲಿಬಾರ್ ಆಯಿತು. ನಿಶಾನೆ ಹಿಡಿದು ಮುಂದೆ ಬಂದ ತರುಣ ಶಂಕರ ಶಿವದಾರೆ ಸತ್ತ. ಸಿಟ್ಟಿಗೆದ್ದ ಜನ ಮಂಗಳವಾರ ಪೇಟೆಯ ಪೊಲೀಸ್ ಚೌಕಿಯತ್ತ ನುಗ್ಗಿದರು. ಇಬ್ಬರು ಪೊಲೀಸರು ಅಲ್ಲಿ ಸತ್ತರು, ಕೋರ್ಟಿಗೂ ಬೆಂಕಿ ಬಿತ್ತು.

ಆಮೇಲಿನದು ವಿಚಿತ್ರ. ಪೊಲೀಸರು ಊರು ಬಿಟ್ಟು ಹಿಂದೆ ಸರಿದರು. ಮೂರು ನಾಲ್ಕು ದಿನ ಸೊಲ್ಲಾಪುರದ ಪೇಟೆ, ರಸ್ತೆಗಳ ವ್ಯವಸ್ಥೆಯನ್ನು ಕಾಂಗ್ರೆಸ್ ಸ್ವಯಂಸೇವಕರೇ ನೋಡಿಕೊಂಡರು. ಮೇ 12ಕ್ಕೆ ಮಾರ್ಷಲ್ ಲಾ ಬಂತು. ಸೈನ್ಯ ಊರೊಳಗೆ ಕಾಲಿಟ್ಟಿತು. ನಿಶಾನೆ ಹಿಡಿದರೆ ಅಪರಾಧ, ಗಾಂಧಿ ಟೋಪಿ ಹಾಕಿದರೆ ಅಪರಾಧ. ಊರು ತಣ್ಣಗಾದ ಮೇಲೆ ಇದೆಲ್ಲ ಯಾತಕ್ಕೆ ಬೇಕಿತ್ತೆಂದು ಕಾಂಗ್ರೆಸ್ಸಿನವರು ಕೇಳಿದರು. ತಣ್ಣಗಾದದ್ದು ನಮ್ಮ ಕೈಯಿಂದಲ್ಲವಲ್ಲ ಎಂಬ ಉರಿ ಸರ್ಕಾರಕ್ಕೆ.

ಮಾರ್ಷಲ್ ಲಾದ ತಕರಾರು ಮುಂಬಯಿ ಹೈಕೋರ್ಟಿಗೂ ಹೋಯಿತು. ಆ ಮೊಕದ್ದಮೆಯನ್ನು ಕಾನೂನಿನ ಪುಸ್ತಕಗಳು ಇಂದಿಗೂ ‘ಚನ್ನಪ್ಪ ಶಾಂತಿರಪ್ಪ’ ಎಂಬ ಹೆಸರಿನಲ್ಲಿ ಉಲ್ಲೇಖಿಸುತ್ತವೆ. ಇದು ಕನ್ನಡದ ಮನೆಯ ಹೆಸರೆಂದು ಬೇರೆ ಹೇಳಬೇಕಿಲ್ಲ. ಅಪ್ಪ ಬಹುಶಃ ಶಾಂತವೀರಪ್ಪ ಇದ್ದಾನು, ಇಂಗ್ಲಿಷ್ ಬರೆಯುವ ಕಾರಕೂನನ ಕೈಯಲ್ಲಿ ಶಾಂತಿರಪ್ಪ ಆಗಿರಬೇಕು. ವಾದವೆಲ್ಲ ನಡೆದದ್ದು ‘ಅಗತ್ಯ’ ಎಂಬ ಒಂದೇ ಶಬ್ದದ ಸುತ್ತ: ಊರು ಕೈಮೀರಿದಾಗ ಸರ್ಕಾರ ಎಷ್ಟು ಬಲ ಬಳಸಬಹುದು, ಅಷ್ಟು ಬೇಕಿತ್ತೇ ಇಲ್ಲವೇ ಎಂದು ಹೇಳುವವರು ಯಾರು? ಪೊಲೀಸರ ಗುಂಡಿನ ಬಗ್ಗೆ ಇಂದಿಗೂ ಕೇಳಬೇಕಾದ ಪ್ರಶ್ನೆ ಇದೇ. ಚೌಕಿಯಲ್ಲಿ ಸತ್ತ ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ, ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಸೊಲ್ಲಾಪುರದಲ್ಲಿ ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಯ ಹೊತ್ತದು.

ಗೋಲಿಬಾರಿನ ಕಾಲದ ಜಗಳಕ್ಕೆ ಒಂದು ಗುಣವಿತ್ತು. ಗುಂಡು ಹಾರುತ್ತಿದ್ದುದು ಹಗಲಿನಲ್ಲಿ, ನೂರಾರು ಜನರ ಕಣ್ಣೆದುರಿಗೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದ ಗೋಲಿಬಾರಿನಲ್ಲಿ ಸತ್ತವರು 10 ಎಂದು ಸರ್ಕಾರ ಹೇಳಿದರೆ ಜನ 32 ಎಂದರು. ಲೆಕ್ಕದಲ್ಲಿ ಜಗಳವಿತ್ತು, ಗುಂಡು ಹಾರಿತೆಂಬುದರಲ್ಲಿ ಇರಲಿಲ್ಲ. 1980ರ ಜುಲೈ 21ರಂದು ಮಲಪ್ರಭೆಯ ನೀರಿನ ಕರದ ವಿರುದ್ಧ ಎದ್ದ ನರಗುಂದ-ನವಲಗುಂದದ ರೈತರ ಮೇಲೆ ಗೋಲಿಬಾರ್ ಆದಾಗ ರೈತರೂ ಸತ್ತರು, ಪೊಲೀಸರೂ ಸತ್ತರು. ಗುಂಡೂರಾವ್ ಸರ್ಕಾರಕ್ಕೆ ಆ ದಿನದ ಪೆಟ್ಟಿನಿಂದ ಚೇತರಿಸಿಕೊಳ್ಳಲು ಆಗಲೇ ಇಲ್ಲ. 1983ರ ಚುನಾವಣೆಯಲ್ಲಿ ಅಧಿಕಾರ ಹೋಯಿತು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆದಾಗಲೂ ಸರ್ಕಾರ ವಿಚಾರಣಾ ಆಯೋಗ ನೇಮಿಸಲೇಬೇಕಾಯಿತು. ಆಯೋಗಗಳ ವರದಿ ಕಪಾಟು ಸೇರುವುದು ಬೇರೆ ಮಾತು.

ಎನ್‌ಕೌಂಟರಿಗೆ ಸಾಕ್ಷಿ ಇರುವುದಿಲ್ಲ. ಸತ್ತವನೊಬ್ಬ, ಹೊಡೆದವರು ಕೆಲವರು. ಕಥೆ ಹೇಳಲು ಉಳಿಯುವವರು ಹೊಡೆದವರು ಮಾತ್ರ.

ಝಳಕಿ ಕ್ರಾಸಿನಲ್ಲಿ ಎಡಕ್ಕೆ ಹೊರಳಿದರೆ ಚಡಚಣ. ಭೀಮಾ ತೀರದ ಮನೆತನಗಳ ಹಗೆ, ಸೇಡು, ಕಂಟ್ರಿ ಪಿಸ್ತೂಲುಗಳ ಬಗ್ಗೆ ಪತ್ರಿಕೆಗಳು ಬರೆದದ್ದಕ್ಕೆ ಲೆಕ್ಕವಿಲ್ಲ, ಸಿನಿಮಾದವರೂ ಬಿಟ್ಟಿಲ್ಲ. 2017ರ ಅಕ್ಟೋಬರ್ 30ರಂದು ಅಲ್ಲಿನ ಕೊಂಕಣಗಾಂವದಲ್ಲಿ ಈ ಹಗೆಯ ಒಂದು ಕಡೆಯ ಧರ್ಮರಾಜ ಚಡಚಣ ಪೊಲೀಸರ ಗುಂಡಿಗೆ ಸತ್ತ. ಹಿಡಿಯಲು ಹೋದಾಗ ಆತನೇ ಮೊದಲು ಗುಂಡು ಹಾರಿಸಿದ, ಪಿಎಸ್‌ಐಗೆ ಗಾಯವಾಯಿತು, ಆತ್ಮರಕ್ಷಣೆಗೆ ತಿರುಗಿ ಹೊಡೆದೆವು ಎಂದು ಪೊಲೀಸರು ಹೇಳಿದರು. ಊರಮಂದಿ ಬಹಳ ಕೇಳಲಿಲ್ಲ. ಒಬ್ಬ ರೌಡಿ ಕಡಿಮೆಯಾದ ಅನ್ನುವಲ್ಲಿಗೆ ಮಾತು ಮುಗಿಯುತ್ತಿತ್ತು.

ಮುಗಿಯಲಿಲ್ಲ, ಯಾಕೆಂದರೆ ಅದೇ ಹೊತ್ತಿನಿಂದ ಧರ್ಮರಾಜನ ತಮ್ಮ ಗಂಗಾಧರನೂ ಕಾಣೆಯಾಗಿದ್ದ. ತಾಯಿ ಮಗನನ್ನು ಹುಡುಕಿಕೊಡಿ ಎಂದು ಬೆನ್ನು ಹತ್ತಿದಳು. 2018ರಲ್ಲಿ ತನಿಖೆ ಸಿಐಡಿ ಕೈಗೆ ಬಂದಾಗ ಹೊರಬಿದ್ದ ಆರೋಪ ಕೇಳಿ ಜಿಲ್ಲೆ ಬೆಚ್ಚಿತು: ಪೊಲೀಸರೇ ಗಂಗಾಧರನನ್ನು ಹಿಡಿದು ಎದುರಾಳಿಗಳ ಕೈಗೆ ಕೊಟ್ಟರು, ಅವರು ಅವನನ್ನು ಕೊಂದರು. ಎನ್‌ಕೌಂಟರ್ ತಂಡದ ಮುಂದಾಳಾಗಿದ್ದ ಪಿಎಸ್‌ಐ ಸಹಿತ ಪೊಲೀಸರ ಬಂಧನವಾಯಿತು. ಆರೋಪವನ್ನು ಸಾಬೀತು ಮಾಡುವುದು ಕೋರ್ಟಿನ ಕೆಲಸ. ಆದರೆ ಅಣ್ಣ ಸತ್ತ ದಿನ ಯಾರೂ ಕೇಳದಿದ್ದ ಪ್ರಶ್ನೆಯನ್ನು ತಮ್ಮ ಕಾಣೆಯಾದ ಮೇಲೆ ಎಲ್ಲರೂ ಕೇಳಿದರು. ತಮ್ಮ ಅಂದು ಮನೆಗೆ ವಾಪಸು ಬಂದಿದ್ದರೆ?

ಕಾನೂನು ಈ ಪ್ರಶ್ನೆಯನ್ನು ಪ್ರತಿ ಸಲವೂ ಕೇಳು ಎನ್ನುತ್ತದೆ. ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆಗೆ ತಕ್ಕ ಅಪರಾಧದ ಆರೋಪವಿಲ್ಲದವನನ್ನು ಬಂಧಿಸುವಾಗ ಕೊಲ್ಲುವ ಹಕ್ಕು ಪೊಲೀಸರಿಗಿಲ್ಲ ಎಂಬ ಮಾತು 1898ರ ದಂಡ ಪ್ರಕ್ರಿಯಾ ಸಂಹಿತೆಯ 46ನೇ ಕಲಮಿನಲ್ಲೇ ಇತ್ತು. 1973ರ ಸಂಹಿತೆಯಲ್ಲೂ ಹಾಗೇ ಉಳಿಯಿತು, 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆಯಲ್ಲಿ 43ನೇ ಕಲಮಾಗಿ ಮತ್ತೆ ಬಂದಿದೆ. ಆರೋಪ ಎಷ್ಟೇ ಘೋರವಿರಲಿ, ಕೈಗೆ ಸಿಕ್ಕವನನ್ನು ಕೊಲ್ಲಲು ಅದು ಪರವಾನಗಿಯಲ್ಲ. 1997ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗದ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ, ನಮ್ಮ ಕನ್ನಡದವರೇ, ಎಲ್ಲ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು: ಹೊಡೆದ ಠಾಣೆಯವರೇ ತನಿಖೆ ಮಾಡಬಾರದು, ಸಿಐಡಿಯಂಥ ಬೇರೆ ಸಂಸ್ಥೆಗೆ ಕೊಡಿ. 2014ರಲ್ಲಿ ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 16 ಸೂಚನೆ ಕೊಟ್ಟಿತು. ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಲೇಬೇಕು, ಆಯುಧ ಒಪ್ಪಿಸಬೇಕು, ಗುಂಡು ಹಾರಿದ ಬೆನ್ನಿಗೇ ಬಡ್ತಿ, ಶೌರ್ಯ ಪ್ರಶಸ್ತಿ ಕೊಡಕೂಡದು.

ಇಷ್ಟಾದರೂ ಠಾಣೆಯಲ್ಲಿ ಮೊದಲು ಬರೆಯುವ ಕಾಗದ ವಾಡಿಕೆಯಂತೆ ಸತ್ತವನ ಮೇಲಿನದೇ: ಪೊಲೀಸರ ಕೊಲೆಗೆ ಯತ್ನಿಸಿದ ಎಂಬ ದೂರು. ಆರೋಪಿಯೇ ಸತ್ತಿರುವುದರಿಂದ ಆ ಮೊಕದ್ದಮೆ ಅಲ್ಲಿಗೇ ನಿಲ್ಲುತ್ತದೆ. ಆತ್ಮರಕ್ಷಣೆಯ ಮಾತು ಕಟಕಟೆ ಹತ್ತುವುದೇ ಇಲ್ಲ.

ಇತ್ತೀಚೆಗೆ ಮೂರನೆಯ ಮಾತೊಂದು ಹುಟ್ಟಿದೆ: ‘ಕಾಲಿಗೆ ಗುಂಡು’. ಪತ್ರಿಕೆಯ ಒಳಪುಟದಲ್ಲಿ ಬರುವ ಈ ಸುದ್ದಿಗೆ ಅಚ್ಚು ಸಿದ್ಧವಿದೆ. ಆರೋಪಿಯನ್ನು ಸ್ಥಳ ಮಹಜರಿಗೆ ಕರೆದೊಯ್ದಿರುತ್ತಾರೆ, ಅವನು ಹಲ್ಲೆ ಮಾಡಿ ಓಡಲು ನೋಡುತ್ತಾನೆ, ಗಾಳಿಯಲ್ಲಿ ಒಂದು ಗುಂಡು, ಆಮೇಲೆ ಕಾಲಿಗೆ ಒಂದು. ಊರು, ಹೆಸರು ಬದಲಿಸಿದರೆ ಸುದ್ದಿ ತಯಾರು. ಓದುಗ ಚಹಾ ಮುಗಿಸಿ ಮುಂದಿನ ಪುಟಕ್ಕೆ ಹೋಗುತ್ತಾನೆ.

2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಕೂಸಿನ ಕೊಲೆಯಾಯಿತು. ಆರೋಪಿ ಅದೇ ದಿನ ಪೊಲೀಸರ ಗುಂಡಿಗೆ ಸತ್ತ. ಜನ ಪೊಲೀಸರಿಗೆ ಜೈಕಾರ ಹಾಕಿದರು. ಆ ಕೂಸಿನ ಮುಖ ನೋಡಿದವರ ಸಿಟ್ಟನ್ನು ಹಗುರವಾಗಿ ತೂಗುವಂತಿಲ್ಲ. ಪಿಯುಸಿಎಲ್ ಹೈಕೋರ್ಟಿಗೆ ಹೋಯಿತು, ತನಿಖೆ ಸಿಐಡಿಗೆ ಹೋಯಿತು. ಕೋರ್ಟಿಗೆ ಹೋದವರಿಗೆ ‘ನಿಮ್ಮ ಮನೆ ಮಗುವಾಗಿದ್ದರೆ’ ಎಂಬ ಸವಾಲು ಎದುರಾಯಿತು. 1930ರಲ್ಲಿ ಗುಂಡು ಹೊಡೆದವರು ಲೆಕ್ಕ ಕೊಡಬೇಕಿತ್ತು. ಈಗ ಲೆಕ್ಕ ಕೇಳಿದವರೇ ಕೊಡಬೇಕು.

ಸೊಲ್ಲಾಪುರದಲ್ಲಿ ಗಲ್ಲಿಗೇರಿದ ನಾಲ್ವರ ಪುತ್ಥಳಿಗಳು ಸಾಲಾಗಿ ನಿಂತಿವೆ. ಆ ಜಾಗಕ್ಕೆ ‘ಚಾರ್ ಪುತಳಾ’ ಎಂದೇ ಹೆಸರು, ರಿಕ್ಷಾದವನಿಗೆ ಅಷ್ಟು ಹೇಳಿದರೆ ಸಾಕು. ಮಂಗಳವಾರ ಪೇಟೆಯ ಚೌಕಿಯಲ್ಲಿ ಸತ್ತ ಇಬ್ಬರು ಪೊಲೀಸರು ಯಾರ ಮನೆಯ ಮಕ್ಕಳು ಎಂದು ಮಾತ್ರ ಆ ರಿಕ್ಷಾದವನನ್ನು ಯಾರೂ ಕೇಳುವುದಿಲ್ಲ.