ಕಾರ್ನಿಯಾದ ನಕ್ಷೆ ಬರೆದವರು

ಕಣ್ಣಿನ ಮುಂಭಾಗದಲ್ಲಿರುವ ಪಾರದರ್ಶಕ ಪೊರೆ ಕಾರ್ನಿಯಾ. ನಡುಭಾಗದಲ್ಲಿ ಅದರ ದಪ್ಪ ಬರೀ ಅರ್ಧ ಮಿಲಿಮೀಟರಿನಷ್ಟು. ಕೆಲವರಿಗೆ ಹರೆಯದ ಹೊತ್ತಿಗೆ ಅದು ಇನ್ನಷ್ಟು ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುತ್ತದೆ. ಅಕ್ಷರಗಳಿಗೆ ನೆರಳು ಮೂಡುತ್ತದೆ, ಕನ್ನಡಕ ಎಷ್ಟು ಬದಲಿಸಿದರೂ ದೃಷ್ಟಿ ತಿಳಿಯಾಗುವುದಿಲ್ಲ. ಈ ಕೆರಟೊಕೋನಸ್ ರೋಗವನ್ನು ಇಂಗ್ಲೆಂಡಿನ ವೈದ್ಯ ಜಾನ್ ನಾಟಿಂಗ್‌ಹ್ಯಾಮ್ 1854ರಲ್ಲೇ ವಿವರವಾಗಿ ಬರೆದಿಟ್ಟ. ಆದರೆ ಉಬ್ಬು ಬರಿಗಣ್ಣಿಗೇ ಕಾಣುವಷ್ಟು ಬೆಳೆದ ಮೇಲೆ ಗುರುತಿಸಿ ಆಗುವುದೇನು?

ಬೇಗ ಹಿಡಿಯುವ ದಾರಿ ತೋರಿಸಿದ್ದು ಒಂದು ತಟ್ಟೆ. 1880ರ ಸುಮಾರಿಗೆ ಪೋರ್ಚುಗಲ್‌ನ ಆಂಟೋನಿಯೊ ಪ್ಲಾಸಿಡೊ ಅದರ ಮೇಲೆ ಕಪ್ಪು-ಬಿಳಿ ವೃತ್ತಗಳನ್ನು ಬರೆದು, ನಡುವೆ ಒಂದು ತೂತು ಕೊರೆದ. ರೋಗಿಯ ಕಣ್ಣಿನ ಮೇಲೆ ಬೀಳುವ ಆ ವೃತ್ತಗಳ ಪ್ರತಿಬಿಂಬವನ್ನು ತೂತಿನಿಂದ ನೋಡಬೇಕು: ಕಾರ್ನಿಯಾ ಸರಿಯಿದ್ದರೆ ಉಂಗುರಗಳು ದುಂಡಗೆ, ಇಲ್ಲದಿದ್ದರೆ ಸೊಟ್ಟ.

ಮುಂದಿನ ಒಂದು ಶತಮಾನ ಸೊಟ್ಟ ಎಷ್ಟೆಂದು ಹೇಳುತ್ತಿದ್ದುದು ಹೆಚ್ಚಾಗಿ ವೈದ್ಯರ ಅಂದಾಜು. 1984ರಲ್ಲಿ ಅಮೆರಿಕದ ಸ್ಟೀಫನ್ ಕ್ಲೈಸ್ ಉಂಗುರಗಳ ಫೋಟೋವನ್ನು ಕಂಪ್ಯೂಟರಿನ ಲೆಕ್ಕಕ್ಕೆ ಒಳಪಡಿಸಿದರು. ಕೆಲವೇ ವರ್ಷಗಳಲ್ಲಿ ಆ ಲೆಕ್ಕ ಬಣ್ಣದ ನಕ್ಷೆಯಾಯಿತು: ಚಪ್ಪಟೆ ಜಾಗ ನೀಲಿ, ಕಡಿದಾದ ಜಾಗ ಕೆಂಪು. ಲೆಕ್ಕಕ್ಕಿಂತ ಈ ಬಣ್ಣವೇ ದೊಡ್ಡ ಉಪಕಾರ ಎನ್ನಬೇಕು. ಅಂಕಿಗಳ ರಾಶಿಯಲ್ಲಿ ತಡಕಾಡುವ ಕಷ್ಟ ತಪ್ಪಿತು. ಕಾರ್ನಿಯಾದ ಹಿಂಬದಿಯನ್ನೂ ಅಳೆಯುವ ಕ್ಯಾಮೆರಾಗಳು ಆಮೇಲೆ ಬಂದವು. ಅವುಗಳ ಮೂಲತತ್ವಕ್ಕೆ ಹೆಸರು ಕೊಟ್ಟ ಶೈಂಪ್‌ಫ್ಲೂಗ್ ಆಸ್ಟ್ರಿಯಾದ ಸೈನ್ಯಾಧಿಕಾರಿ. ಆತ ತಲೆಕೆಡಿಸಿಕೊಂಡಿದ್ದು ಕಣ್ಣಿನ ಬಗ್ಗೆ ಅಲ್ಲ, ಆಕಾಶದಿಂದ ತೆಗೆದ ಓರೆ ಫೋಟೋಗಳನ್ನು ನೇರಗೊಳಿಸುವ ಬಗ್ಗೆ!

ಅಣುಜೀವವಿಜ್ಞಾನ ಈ ದಾರಿಗೆ ತಡವಾಗಿ ಬಂತು. 1997ರಲ್ಲಿ ಟಿಜಿಎಫ್‌ಬಿಐ ಎಂಬ ಒಂದೇ ವಂಶವಾಹಿಯ ದೋಷದಿಂದ ಹಲವು ಬಗೆಯ ಕಾರ್ನಿಯಾ ರೋಗಗಳು ಬರುತ್ತವೆಂದು ತಿಳಿಯಿತು. ಕೆರಟೊಕೋನಸ್ ಮಾತ್ರ ಹಾಗೆ ಸುಲಭಕ್ಕೆ ಸಿಗಲಿಲ್ಲ. ಜರ್ಮನಿಯ ಡ್ರೆಸ್ಡೆನ್‌ನ ಸಂಶೋಧಕರು, ಬಿ2 ವಿಟಮಿನ್ ಹನಿ ಹಾಕಿ ಅತಿನೇರಳೆ ಬೆಳಕು ಬಿಟ್ಟರೆ ಕಾರ್ನಿಯಾದ ಕೊಲಾಜನ್ ಎಳೆಗಳು ಒಂದಕ್ಕೊಂದು ಬೆಸೆದು ಗಟ್ಟಿಯಾಗುತ್ತವೆಂದು ಕಂಡುಕೊಂಡರು. 2003ರಲ್ಲಿ ರೋಗಿಗಳ ಮೇಲಿನ ಫಲಿತಾಂಶ ಪ್ರಕಟವಾಯಿತು. ಮೂಲ ಕಾರಣ ಪೂರ್ತಿ ಗೊತ್ತಾಗುವ ಮೊದಲೇ ಚಿಕಿತ್ಸೆ ಸಿಕ್ಕಿತ್ತು.

ಈ ಚಿಕಿತ್ಸೆಗೆ ಮುನ್ನ ಕಾರ್ನಿಯಾದ ಮೇಲ್ಪದರವನ್ನು ಕೆರೆದು ತೆಗೆಯುವುದು ವಾಡಿಕೆ. ಕಸಕ್ಕೆ ಹೋಗಬೇಕಾದ ಆ ಪದರವನ್ನೇ ಬೆಂಗಳೂರಿನ ನಾರಾಯಣ ನೇತ್ರಾಲಯದ ಸಂಶೋಧಕರು ಪ್ರಯೋಗಾಲಯಕ್ಕೆ ಒಯ್ದರು. ಕೊಲಾಜನ್ ಎಳೆಗಳನ್ನು ಸಹಜವಾಗಿ ಬೆಸೆಯುವ ಲೈಸಿಲ್ ಆಕ್ಸಿಡೇಸ್ ಕಿಣ್ವ ರೋಗಿಗಳಲ್ಲಿ ಕಡಿಮೆ, ಅಂಗಾಂಶ ಕರಗಿಸುವ ಎಂಎಂಪಿ-9 ಹೆಚ್ಚು ಎಂದು 2015ರಲ್ಲಿ ಅವರು ವರದಿ ಮಾಡಿದರು. ಮೊದಲನೆಯ ಕಿಣ್ವದ ಕೊರತೆ ರೋಗದ ತೀವ್ರತೆಗೂ ತಾಳೆಯಾಗುತ್ತಿತ್ತು. ನಕ್ಷೆಯೂ ಅಣುವೂ ಒಂದೇ ಕಥೆ ಹೇಳಿದ್ದು ಇಲ್ಲಿ.

ಇಷ್ಟಾದರೂ ದೊಡ್ಡ ಯಂತ್ರಗಳಿರುವುದು ದೊಡ್ಡ ಊರುಗಳಲ್ಲೇ. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾ ಮತ್ತು ಶಂಕರ ಕಣ್ಣಿನ ಆಸ್ಪತ್ರೆಯವರು 2021ರಲ್ಲಿ ಮುಂದಿಟ್ಟ ಸ್ಮಾರ್ಟ್‌ಕೆಸಿ ಪ್ಲಾಸಿಡೊನ ಉಂಗುರಗಳನ್ನೇ ಸ್ಮಾರ್ಟ್‌ಫೋನಿಗೆ ಜೋಡಿಸುತ್ತದೆ. ಅಂಥದ್ದು ಊರೂರಿಗೆ ಬರುವವರೆಗೆ ಕಾಯಬೇಕಿಲ್ಲ: ಮಗು ಸದಾ ಕಣ್ಣುಜ್ಜುತ್ತಿದ್ದರೆ ತಡೆಯಿರಿ, ಕನ್ನಡಕದ ಸಿಲಿಂಡರ್ ನಂಬರ್ ಪದೇಪದೇ ಏರುತ್ತಿದ್ದರೆ ಕಾರ್ನಿಯಾದ ನಕ್ಷೆ ತೆಗೆಸಬೇಕೇ ಎಂದು ವೈದ್ಯರನ್ನು ಕೇಳಿ.